ಕ್ರಮಾಗತ ಅವಿಭಾಜ್ಯ ಸಂಖ್ಯೆಗಳ ಮೊತ್ತ: ಜರಡಿಯಿಂದ ನಂಬರ್ ಚಾರ್ಟಿನವರೆಗೆ ಹಂತ ಹಂತದ ಮಾರ್ಗದರ್ಶಿ

ಗಣಿತ ಮೇಳದ ನಂಬರ್ ಚಾರ್ಟಿಗೆ ಕ್ರಮಾಗತ ಅವಿಭಾಜ್ಯ ಸಂಖ್ಯೆಗಳ ಮೊತ್ತವನ್ನು ವಿಷಯವಾಗಿ ಆರಿಸಿಕೊಳ್ಳುವ ಮಕ್ಕಳು ವರ್ಷವೂ ಒಂದೇ ಜಾಗದಲ್ಲಿ ಎಡವುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ತಂದು ತೋರಿಸಿದ ಚಾರ್ಟುಗಳಲ್ಲಿ ಕೂಡಿಸುವ ಲೆಕ್ಕವೇ ತಪ್ಪಿದ್ದನ್ನು ನಾನು ಕಂಡದ್ದು ಅಪರೂಪ. ತಪ್ಪಿದ್ದು ಕೆಲಸದ ಕ್ರಮ. ಒಂದು ಉತ್ತರ ಸಿಕ್ಕಿದೊಡನೆ ಪೆನ್ನು ಕೆಳಗಿಡುತ್ತಾರೆ, ನಾಲ್ಕು ಸಲ ಕೂಡಿಸಿ ಸಿಗದಿದ್ದರೆ ‘ಸಾಧ್ಯವಿಲ್ಲ’ ಎಂದು ಬರೆದುಬಿಡುತ್ತಾರೆ, ‘ಯಾಕೆ ಸಾಧ್ಯವಿಲ್ಲ?’ ಎಂದು ತೀರ್ಪುಗಾರರು ಕೇಳಿದಾಗ ಮುಖ ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿದರೆ ಆ ಪ್ರಶ್ನೆಗೆ ಉತ್ತರ ಕೈಯಲ್ಲಿಯೇ ಇರುತ್ತದೆ.

ಕೆಲಸ ಇಷ್ಟು: ಕೊಟ್ಟ ಸಂಖ್ಯೆಯನ್ನು, ನಡುವೆ ಒಂದನ್ನೂ ಬಿಡದೆ ಸಾಲಾಗಿ ಬರುವ ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಎಷ್ಟು ರೀತಿಯಲ್ಲಿ ಬರೆಯಬಹುದೋ ಅಷ್ಟನ್ನೂ ಕಂಡುಹಿಡಿಯಬೇಕು. 5 + 7 + 11 = 23 ಸರಿ. 5 + 11 + 13 ಸರಿಯಲ್ಲ, ಏಕೆಂದರೆ 7 ಬಿಟ್ಟುಹೋಗಿದೆ. ಅವಿಭಾಜ್ಯ ಸಂಖ್ಯೆಯೊಂದು ಒಂಟಿಯಾಗಿ ನಿಂತರೆ ಅದನ್ನೂ ಒಂದು ಪದದ (ಕೂಡಿಸುವ ಒಂದೊಂದು ಸಂಖ್ಯೆಯೂ ಒಂದು ಪದ) ಮೊತ್ತವೆಂದು ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಹಿಡಿದಿದ್ದೀರೋ ಇಲ್ಲವೋ ಎಂಬುದನ್ನು ಚಾರ್ಟಿನ ತಲೆಯಲ್ಲಿಯೇ ಬರೆಯಿರಿ.

ಹಂತ 1: ಸಾಮಗ್ರಿ ಮತ್ತು ಪದಗಳು

ಗೆರೆ ಹಾಕಿದ ಪುಸ್ತಕ, ಪೆನ್ಸಿಲು, ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಉದ್ದನೆಯ ಒಂದು ಕಾಗದದ ಪಟ್ಟಿ, ಹಿಡಿಸೂಡಿಯಿಂದ ಕಿತ್ತ ಎರಡು ಕಡ್ಡಿ. ಇಷ್ಟು ಸಾಕು. ಕ್ಯಾಲ್ಕುಲೇಟರ್ ಇದ್ದರೆ ಒಳ್ಳೆಯದು, ಆದರೆ ಅದನ್ನು ಮೂರನೆಯ ಹಂತಕ್ಕಿಂತ ಮೊದಲು ಹೊರಗೆ ತೆಗೆಯಬೇಡಿ.

ನಮ್ಮ ಗಡಿಯ ಮಕ್ಕಳಿಗೆ ಪದಗಳ ತೊಡಕೂ ಒಂದಿದೆ. ಮಲಯಾಳದ ‘ಅಭಾಜ್ಯಸಂಖ್ಯ’ ಮತ್ತು ಕನ್ನಡದ ‘ಅವಿಭಾಜ್ಯ ಸಂಖ್ಯೆ’ ಒಂದೇ ಆದ್ದರಿಂದ ಅಲ್ಲಿ ಅಪಾಯವಿಲ್ಲ. ಆದರೆ ಬೆಸ ಸಂಖ್ಯೆಗೆ ಮಲಯಾಳದಲ್ಲಿ ಹೇಳುವ ‘ಒಟ್ಟಸಂಖ್ಯ’ವನ್ನು ‘ಒಟ್ಟು ಸಂಖ್ಯೆ’ ಎಂದು ಕೇಳಿಸಿಕೊಂಡು, ಬೆಸ ಪದಗಳನ್ನು ಬರೆಯಬೇಕಾದಲ್ಲಿ ಮೊತ್ತವನ್ನೇ ಬರೆದಿಟ್ಟ ಹುಡುಗನೊಬ್ಬನನ್ನು ನಾನು ಕಂಡಿದ್ದೇನೆ. ಈ ಕೆಲಸದಲ್ಲಿ ಸಮ, ಬೆಸ ಎಂಬ ಎರಡು ಪದಗಳೇ ಅರ್ಧ ದಾರಿ ತೋರಿಸುವುದರಿಂದ ಅವುಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.

ಹಂತ 2: 120ರವರೆಗಿನ ಜರಡಿ

ಜರಡಿ ಎಂದರೆ ಅಪವರ್ತ್ಯಗಳನ್ನು ಹೊಡೆದುಹಾಕುತ್ತ ಅವಿಭಾಜ್ಯಗಳನ್ನು ಮಾತ್ರ ಉಳಿಸಿಕೊಳ್ಳುವ ಪಟ್ಟಿ. ಹೆಚ್ಚಿನವರು ಅದನ್ನು ಹತ್ತು ಕಂಬಸಾಲುಗಳಲ್ಲಿ 1ರಿಂದ 100ರವರೆಗೆ ಬರೆಯುತ್ತಾರೆ. ಅದರ ಬದಲು ಆರು ಕಂಬಸಾಲು ಮತ್ತು ಇಪ್ಪತ್ತು ಅಡ್ಡಸಾಲು ಮಾಡಿ 1ರಿಂದ 120ರವರೆಗೆ ಬರೆಯಿರಿ. ಆಗ ಎರಡನೆಯ, ನಾಲ್ಕನೆಯ, ಆರನೆಯ ಕಂಬಸಾಲುಗಳು ಪೂರ್ತಿ ಸಮ ಸಂಖ್ಯೆಗಳಾಗುತ್ತವೆ, ಮೂರನೆಯದು ಪೂರ್ತಿ 3ರ ಅಪವರ್ತ್ಯಗಳಾಗುತ್ತದೆ. ಅಲ್ಲಿ 2 ಮತ್ತು 3ನ್ನು ಉಳಿಸಿ ಮಿಕ್ಕದ್ದಕ್ಕೆಲ್ಲ ಒಂದೊಂದು ಉದ್ದ ಗೆರೆ ಎಳೆದರಾಯಿತು. ಉಳಿಯುವುದು ಒಂದನೆಯ ಮತ್ತು ಐದನೆಯ ಕಂಬಸಾಲಿನ 40 ಸಂಖ್ಯೆಗಳು.

ಅವುಗಳಲ್ಲಿ 1ನ್ನು ಮೊದಲು ಹೊಡೆದುಹಾಕಿ, 1 ಅವಿಭಾಜ್ಯವಲ್ಲ. ಆಮೇಲೆ 5 ಮತ್ತು 7ರ ಅಪವರ್ತ್ಯಗಳಾದ 25, 35, 49, 55, 65, 77, 85, 91, 95, 115, 119 ಎಂಬ ಹನ್ನೊಂದನ್ನು ಹೊಡೆಯಿರಿ. ಅಲ್ಲಿಗೆ ನಿಲ್ಲಿಸಬಹುದು, ಏಕೆಂದರೆ 11ರ ವರ್ಗ 121 ನಮ್ಮ ಮಿತಿಯನ್ನು ದಾಟಿದೆ. 28 ಉಳಿದವು, 2 ಮತ್ತು 3 ಸೇರಿ 30. ನಿಮ್ಮ ಪಟ್ಟಿಯಲ್ಲಿ 30ಕ್ಕಿಂತ ಹೆಚ್ಚಿದ್ದರೆ 91 ಅಥವಾ 119 ಒಳಗೆ ನುಸುಳಿರುತ್ತದೆ. ಜರಡಿ ಹಿಡಿಯದೆ ಬಾಯಿಪಾಠದಿಂದ ಪಟ್ಟಿ ಬರೆಯುವವರು 51 (3 × 17), 57 (3 × 19), 87 (3 × 29) ಎಂಬಲ್ಲಿ ಮುಗ್ಗರಿಸುತ್ತಾರೆ.

ಹಂತ 3: ಸಂಚಿತ ಮೊತ್ತದ ಪಟ್ಟಿ, ಸೊನ್ನೆಯಿಂದಲೇ

ಇಡೀ ಕೆಲಸದ ಬೆನ್ನೆಲುಬು ಇದು, ಮಕ್ಕಳು ಹಾರಿಸಿಬಿಡುವುದೂ ಇದನ್ನೇ. ಕ್ಯಾಲೆಂಡರಿನ ಪಟ್ಟಿಯ ಮೇಲೆ ಅವಿಭಾಜ್ಯ ಸಂಖ್ಯೆಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಕೆಳಗೆ ಅಲ್ಲಿಯವರೆಗಿನ ಮೊತ್ತವನ್ನು ಬರೆಯಿರಿ. 2ಕ್ಕಿಂತ ಮುಂಚೆ ಒಂದು ಖಾಲಿ ಮನೆ ಬಿಟ್ಟು ಅದರ ಕೆಳಗೆ 0 ಬರೆಯಬೇಕು. ಸಾಲು ಹೀಗೆ ಬರುತ್ತದೆ:

0, 2, 5, 10, 17, 28, 41, 58, 77, 100, 129, 160, 197, 238, 281, 328, 381, 440, 501, 568, 639, 712, 791, 874, 963, 1060, 1161, 1264, 1371, 1480, 1593.

23ರ ಕೆಳಗೆ 100, 47ರ ಕೆಳಗೆ 328, 97ರ ಕೆಳಗೆ 1060, 113ರ ಕೆಳಗೆ 1593 ಬಂದಿದೆಯೇ ಎಂದು ನೋಡಿಕೊಂಡು ಮುಂದೆ ಹೋಗಿ. ಎಲ್ಲೋ ಒಂದು ಕಡೆ ತಪ್ಪಿದರೆ ಅದರ ಬಲಕ್ಕಿರುವುದೆಲ್ಲ ತಪ್ಪುತ್ತದೆ, ಆದ್ದರಿಂದ ಈ ನಾಲ್ಕು ಕಡೆ ನಿಂತು ತಾಳೆ ಹಾಕದೆ ಹೆಜ್ಜೆ ಇಡಬಾರದು.

ಇನ್ನು ಯಾವ ಮೊತ್ತ ಬೇಕಾದರೂ ಒಂದೇ ಕಳೆಯುವ ಲೆಕ್ಕ. 11ರಿಂದ 47ರವರೆಗಿನ ಮೊತ್ತ ಬೇಕೆಂದರೆ, 47ರ ಕೆಳಗಿನ 328ರಿಂದ 11ರ ಹಿಂದಿನ ಮನೆಯ, ಅಂದರೆ 7ರ ಕೆಳಗಿನ 17ನ್ನು ಕಳೆಯಬೇಕು: 311. ಇಲ್ಲಿ 11ರ ಕೆಳಗಿನ 28ನ್ನೇ ಕಳೆದು 300 ಎಂದು ಬರೆಯುವುದು ಅತಿ ಸಾಮಾನ್ಯವಾದ ತಪ್ಪು. ಆಗ 11 ಮೊತ್ತದಿಂದ ಹೊರಗೆ ಉಳಿದಿರುತ್ತದೆ. ತಲೆಯಲ್ಲಿ 0 ಬರೆಯದವರಿಗೆ ಇನ್ನೊಂದು ನಷ್ಟವಿದೆ, 2ರಿಂದ ಶುರುವಾಗುವ ಮೊತ್ತಗಳು ವ್ಯತ್ಯಾಸಗಳ ನಡುವೆ ಕಾಣಿಸುವುದೇ ಇಲ್ಲ.

ಶಾಲೆಯ ಐಟಿ ಲ್ಯಾಬಿನ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ಇದನ್ನೇ ಮಾಡಬಹುದು. ಮೇಲಿನ ಸಾಲಿನಲ್ಲಿಯೂ ಎಡಗಡೆಯ ಕಂಬಸಾಲಿನಲ್ಲಿಯೂ ಸಂಚಿತ ಮೊತ್ತಗಳನ್ನಿಟ್ಟು ನಡುವೆ ವ್ಯತ್ಯಾಸದ ಸೂತ್ರ ತುಂಬಿಸಿದರೆ ಎಲ್ಲ ಮೊತ್ತಗಳೂ ಒಮ್ಮೆಗೇ ಸಿಗುತ್ತವೆ. ಸೂತ್ರದಲ್ಲಿ ಡಾಲರ್ ಚಿಹ್ನೆ ಹಾಕಿ ಸಾಲನ್ನು ಬಿಗಿ ಮಾಡದೆ ಎಳೆದರೆ ಬರುವುದು ಬೇರೆಯೇ ಸಂಖ್ಯೆಗಳು, ನೋಡುವುದಕ್ಕೆ ಮಾತ್ರ ಸರಿಯಾಗಿಯೇ ಇರುತ್ತವೆ.

ಹಂತ 4: ಹುಡುಕುವ ಮೊದಲು ಸಮವೋ ಬೆಸವೋ ನೋಡಿ

2ನ್ನು ಬಿಟ್ಟರೆ ಅವಿಭಾಜ್ಯಗಳೆಲ್ಲ ಬೆಸ. ಆದ್ದರಿಂದ 2 ಸೇರದ ಮೊತ್ತ ಸಮವಾಗಬೇಕಾದರೆ ಪದಗಳ ಸಂಖ್ಯೆ ಸಮವಾಗಿರಬೇಕು, ಬೆಸವಾಗಬೇಕಾದರೆ ಬೆಸವಾಗಿರಬೇಕು. 2 ಸೇರಿದರೆ ಇದು ತಲೆಕೆಳಗಾಗುತ್ತದೆ: 2 + 3 + 5 + 7 ಎಂಬ ನಾಲ್ಕು ಪದಗಳ ಮೊತ್ತ 17, ಬೆಸ.

2 ಸೇರಿದ ಮೊತ್ತವೆಂದರೆ ನಮ್ಮ ಪಟ್ಟಿಯಲ್ಲಿ ಈಗಾಗಲೇ ಬರೆದಿರುವ ಸಂಚಿತ ಮೊತ್ತವೇ. ಆದ್ದರಿಂದ ಕೊಟ್ಟ ಸಂಖ್ಯೆ ಆ ಸಾಲಿನಲ್ಲಿ ಇದೆಯೇ ಎಂದು ಮೊದಲು ನೋಡಿ, ಇದ್ದರೆ ಗುರುತು ಹಾಕಿ, ಆಮೇಲೆ 2ನ್ನು ಪೂರ್ತಿ ಮರೆತುಬಿಡಿ. ಈ ಒಂದು ನಿಮಿಷದ ಕೆಲಸದಿಂದ ಮುಂದಿನ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಹಂತ 5: ಎರಡು ಕಡ್ಡಿಗಳ ಹುಡುಕಾಟ

ಈಗ ಕಾಗದದ ಪಟ್ಟಿಯನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಎರಡು ಕಡ್ಡಿಗಳನ್ನು ಬೇಲಿಯ ಹಾಗೆ ಅಡ್ಡ ಇಡಿ. ಅವುಗಳ ನಡುವೆ ಇರುವುದು ಈಗಿನ ಮೊತ್ತ. ನಿಯಮ ಎರಡೇ: ಮೊತ್ತ ಕಡಿಮೆಯಾದರೆ ಬಲಗಡ್ಡಿಯನ್ನು ಬಲಕ್ಕೆ ಒಂದು ಮನೆ ಸರಿಸಿ, ಹೆಚ್ಚಾದರೆ ಎಡಗಡ್ಡಿಯನ್ನು ಬಲಕ್ಕೆ ಒಂದು ಮನೆ ಸರಿಸಿ.

83ನ್ನು ತೆಗೆದುಕೊಳ್ಳೋಣ. ಎಡಗಡ್ಡಿ 2ರ ಹಿಂದೆ ಇರಲಿ. ಬಲಗಡ್ಡಿ ಸರಿದ ಹಾಗೆ 2, 5, 10, 17, 28, 41, 58, 77, ಆಮೇಲೆ 100. ಹೆಚ್ಚಾಯಿತು. ಎಡದಿಂದ 2 ಹೋದರೆ 98, 3 ಹೋದರೆ 95, 5 ಹೋದರೆ 90, 7 ಹೋದರೆ 83. ಕಡ್ಡಿಗಳ ನಡುವೆ 11 + 13 + 17 + 19 + 23 ಉಳಿದಿವೆ, ಮೊದಲ ಉತ್ತರ.

ಇಲ್ಲಿಯೇ ನಿಲ್ಲಿಸುವವರು ಬಹಳ. ಉತ್ತರವನ್ನು ಬರೆದುಕೊಂಡು ಬಲಗಡ್ಡಿಯನ್ನು ಮತ್ತೆ ಸರಿಸಬೇಕು. 29 ಸೇರಿ 112. 11 ಹೋಗಿ 101. 13 ಹೋಗಿ 88. 17 ಹೋಗಿ 71. 31 ಸೇರಿ 102. 19 ಹೋಗಿ 83. ಉಳಿದದ್ದು 23 + 29 + 31, ಎರಡನೆಯ ಉತ್ತರ. ಹೀಗೆಯೇ ಮುಂದುವರಿದರೆ ಒಂದು ಕಡೆ ಕಡ್ಡಿಗಳ ನಡುವೆ 43 + 47 ಮಾತ್ರ ಇದ್ದು ಮೊತ್ತ 90 ಆಗುತ್ತದೆ. ಅಲ್ಲಿಂದ ಆಚೆ ಯಾವ ಜೋಡಿಯೂ 83ಕ್ಕೆ ಇಳಿಯಲಾರದ್ದರಿಂದ ಇನ್ನು ಉಳಿದ ಪ್ರಶ್ನೆ 83 ತಾನೇ ಅವಿಭಾಜ್ಯವೇ ಎಂಬುದು. ಹೌದು. ಒಟ್ಟು ಮೂರು ರೀತಿ.

ಮೊತ್ತ ಹೆಚ್ಚಾದಾಗ ಬಲಗಡ್ಡಿಯನ್ನು ಹಿಂದಕ್ಕೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಎಳೆಯಬೇಡಿ. ಯಾವ ಕಡ್ಡಿಯೂ ಯಾವ ಕಾರಣಕ್ಕೂ ಎಡಕ್ಕೆ ಸರಿಯಬಾರದು. ಒಮ್ಮೆ ಸರಿದರೆ ನೋಡಿದ್ದನ್ನೇ ನೋಡುತ್ತ ಸುತ್ತುತ್ತೀರಿ, ಇಲ್ಲವೇ ಒಂದು ಉತ್ತರವನ್ನು ದಾಟಿ ಹೋಗುತ್ತೀರಿ. ಜೊತೆಯಲ್ಲಿ ಕುಳಿತವರು ಮೊತ್ತವನ್ನು ಬರೆಯುತ್ತ ಹೋದರೆ ಕಡ್ಡಿ ಹಿಡಿದವರ ಗಮನ ಚದುರುವುದಿಲ್ಲ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಈ ಕೆಲಸ ಮಾಡಲು ಹೋಗಿ, ಕಡ್ಡಿ ಹಾರಿ ಎರಡು ಸಲ ಮೊದಲಿನಿಂದ ಶುರು ಮಾಡಿದ ಅನುಭವ ನನಗಿದೆ.

ಹಂತ 6: ಪದಗಳ ಸಂಖ್ಯೆಯ ಮೂಲಕ ತಾಳೆ ನೋಡುವುದು

ಕಡ್ಡಿಗಳಿಂದ ಸಿಕ್ಕಿದ್ದೇ ಪೂರ್ತಿ ಎಂದು ತೋರಿಸುವುದಕ್ಕೆ ಎರಡನೆಯ ದಾರಿಯೊಂದು ಬೇಕು. ಪದಗಳ ಸಂಖ್ಯೆಯನ್ನು ನಿಗದಿ ಮಾಡಿಕೊಂಡರೆ, ಆರಂಭದ ಅವಿಭಾಜ್ಯ ಮುಂದೆ ಹೋದ ಹಾಗೆಲ್ಲ ಮೊತ್ತ ಏರುತ್ತಲೇ ಹೋಗುತ್ತದೆ. ಆದ್ದರಿಂದ ಒಂದು ಮೊತ್ತ ಕಡಿಮೆಯಾಗಿ, ಅದರ ಮುಂದಿನದೇ ಹೆಚ್ಚಾಗಿ ಬಂದರೆ ಅಷ್ಟು ಪದಗಳಲ್ಲಿ ಉತ್ತರವಿಲ್ಲವೆಂಬುದು ಖಚಿತ. ಎಲ್ಲಿ ಹುಡುಕಬೇಕೆಂಬುದನ್ನು ಸರಾಸರಿ ಹೇಳುತ್ತದೆ.

311ನ್ನು ಪೂರ್ತಿಯಾಗಿ ಮಾಡಿ ನೋಡೋಣ. ಸಂಚಿತ ಸಾಲಿನಲ್ಲಿ 281ರ ಮುಂದೆ 328 ಇರುವುದರಿಂದ 311 ಆ ಸಾಲಿನಲ್ಲಿಲ್ಲ. ಅಂದರೆ 2ರಿಂದ ಶುರುವಾಗುವ ಮೊತ್ತವಿಲ್ಲ. 281 ಎಂಬುದು 14 ಪದಗಳ ಅತಿ ಚಿಕ್ಕ ಮೊತ್ತ, 328 ಎಂಬುದು 15 ಪದಗಳ ಅತಿ ಚಿಕ್ಕ ಮೊತ್ತ; ಹಾಗಾಗಿ ಪದಗಳು 14ನ್ನು ಮೀರುವಂತಿಲ್ಲ. 311 ಬೆಸವಾದ್ದರಿಂದ 1, 3, 5, 7, 9, 11, 13 ಎಂಬ ಏಳು ಸಾಧ್ಯತೆಗಳು ಮಾತ್ರ ಉಳಿಯುತ್ತವೆ.

ಒಂದು ಪದ: 311ನ್ನು 2, 3, 5, 7, 11, 13, 17 ಯಾವುದೂ ಭಾಗಿಸುವುದಿಲ್ಲ, 19ರ ವರ್ಗ 361 ಆಚೆಗಿದೆ, 311 ಅವಿಭಾಜ್ಯ. ಮೂರು ಪದ: ಸರಾಸರಿ 103ಕ್ಕಿಂತ ತುಸು ಹೆಚ್ಚು, 101 + 103 + 107 = 311. ಐದು ಪದ: ಸರಾಸರಿ 62ರ ಹತ್ತಿರ, 53 + 59 + 61 + 67 + 71 = 311. ಏಳು ಪದ: ಸರಾಸರಿ 44ರ ಹತ್ತಿರ, 31ರಿಂದ 59ರವರೆಗೆ 440 − 129 = 311. ಒಂಬತ್ತು ಪದ: 17ರಿಂದ 47ರವರೆಗೆ 287, ಮುಂದಿನದು 19ರಿಂದ 53ರವರೆಗೆ 323; ನಡುವೆ ಏನೂ ಇಲ್ಲ, ಆದ್ದರಿಂದ ಉತ್ತರವಿಲ್ಲ. ಹನ್ನೊಂದು ಪದ: 11ರಿಂದ 47ರವರೆಗೆ 311. ಹದಿಮೂರು ಪದ: 3ರಿಂದ 43ರವರೆಗೆ 279, 5ರಿಂದ 47ರವರೆಗೆ 323, ಉತ್ತರವಿಲ್ಲ.

ಒಟ್ಟು ಐದು ರೀತಿ. ಐದು ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಇದೇ ಆದ್ದರಿಂದ ಚಾರ್ಟಿನ ನಡುವೆ ಇದನ್ನು ದೊಡ್ಡದಾಗಿ ಬರೆದರೆ ಶೋಭಿಸುತ್ತದೆ. ಒಂಬತ್ತು ಮತ್ತು ಹದಿಮೂರರ ಸಾಲುಗಳನ್ನು ‘ಉತ್ತರವಿಲ್ಲ’ ಎಂಬ ಕಾರಣಕ್ಕೆ ಕೈಬಿಡಬೇಡಿ; ಅವೇ ನಿಮ್ಮ ಸಾಕ್ಷಿ.

ಇದೇ ಕ್ರಮ ‘1000ದ ಒಳಗೆ ಅತಿ ಹೆಚ್ಚು ಪದಗಳ ಮೊತ್ತವಾಗುವ ಅವಿಭಾಜ್ಯ ಯಾವುದು?’ ಎಂಬ ಪ್ರಶ್ನೆಗೂ ಒದಗುತ್ತದೆ, ಆದರೆ ಆಗ ಮೇಲಿನಿಂದ ಕೆಳಕ್ಕೆ ಇಳಿಯಬೇಕು. 24 ಪದಗಳಿಗೆ 963 ಒಂದೇ ಸಿಗುತ್ತದೆ, ಅದು 9 × 107. 23 ಪದಗಳಿಗೆ 874 ಸಮ. 961 ಆಸೆ ಹುಟ್ಟಿಸುತ್ತದೆ, ಆದರೆ ಅದು 31ರ ವರ್ಗ. 22 ಪದಗಳಿಗೆ 791 ಎಂಬುದು 7 × 113, ಉಳಿದ 872 ಮತ್ತು 958 ಸಮ. 21 ಪದಗಳಿಗೆ ಬಂದಾಗ 712 ಸಮ, 789 ಎಂಬುದು 3 × 263, 869 ಎಂಬುದು 11 × 79, ಕೊನೆಗೆ 7ರಿಂದ 89ರವರೆಗೆ 963 − 10 = 953. ಅದು ಅವಿಭಾಜ್ಯ. 961ರಲ್ಲಿಯೇ ಕೆಲಸ ಮುಗಿಸಿ ಬಹುಮಾನ ಕಳೆದುಕೊಂಡವರನ್ನು ಕಂಡಿದ್ದೇನೆ.

ಹಂತ 7: ‘ಸಾಧ್ಯವಿಲ್ಲ’ ಎಂದು ಬರೆಯುವುದು ಹೇಗೆ

94 ಒಳ್ಳೆಯ ಉದಾಹರಣೆ. ಸಂಚಿತ ಸಾಲಿನಲ್ಲಿ 77ರ ಮುಂದೆ 100 ಇದೆ, ಆದ್ದರಿಂದ 2 ಸೇರುವುದಿಲ್ಲ. ಸಂಖ್ಯೆ ಸಮ, ಹಾಗಾಗಿ ಪದಗಳು 2, 4, 6 ಅಥವಾ 8. ಎಂಟು ಪದಗಳಿಗೆ 2ನ್ನು ಬಿಟ್ಟರೆ ಅತಿ ಚಿಕ್ಕ ಮೊತ್ತವೇ 98, ಅದು ದೊಡ್ಡದಾಯಿತು. ಆರು ಪದಗಳಿಗೆ 7ರಿಂದ 23ರವರೆಗೆ 90, ಮುಂದಿನದು 112. ನಾಲ್ಕು ಪದಗಳಿಗೆ 17ರಿಂದ 29ರವರೆಗೆ 88, ಮುಂದಿನದು 102. ಇನ್ನು ಎರಡು ಪದ. 94ರ ಅರ್ಧ 47. ಎರಡು ಕ್ರಮಾಗತ ಅವಿಭಾಜ್ಯಗಳ ಸರಾಸರಿ ಅವೆರಡರ ನಡುವೆ ಬೀಳುತ್ತದೆ, ಅಲ್ಲಿ ಬೇರೆ ಅವಿಭಾಜ್ಯ ಇರುವಂತಿಲ್ಲ; 47 ಅವಿಭಾಜ್ಯವಾದ್ದರಿಂದ ಜೋಡಿ ಅಸಾಧ್ಯ. ಈ ಆರೇಳು ವಾಕ್ಯಗಳನ್ನು ಬರೆದರೆ ಮಾತ್ರ ‘ಸಾಧ್ಯವಿಲ್ಲ’ ಎಂಬ ಮಾತಿಗೆ ಬೆಲೆ.

ಹಂತ 8: 1ರಿಂದ 100ರವರೆಗಿನ ಪೂರ್ತಿ ಎಣಿಕೆ

ಚಾರ್ಟಿಗೆ ಇಡೀ ನೂರನ್ನೂ ಮಾಡುವುದಾದರೆ ಆರಂಭದ ಅವಿಭಾಜ್ಯದ ಪ್ರಕಾರ ಸಾಲು ಮಾಡಿ. ಒಂಟಿ ಪದಗಳೂ ಸೇರಿ, 100ನ್ನು ಮೀರದ ಮೊತ್ತಗಳು 2ರಿಂದ ಶುರುವಾಗುವವು 9, 3ರಿಂದ 8, 5ರಿಂದ 7, 7ರಿಂದ 6, 11ರಿಂದ 5. 13 ಮತ್ತು 17ರಿಂದ ತಲಾ 4. 19, 23, 29ರಿಂದ ತಲಾ 3. 31, 37, 41, 43, 47ರಿಂದ ತಲಾ 2. 53ರಿಂದ 97ರವರೆಗಿನ ಹತ್ತು ಅವಿಭಾಜ್ಯಗಳಿಗೆ ತಲಾ 1. ಒಟ್ಟು 72.

ನಿಮಗೆ 71 ಬಂದಿದ್ದರೆ ಮೊದಲು 47 + 53 ಎಂಬ ಜೋಡಿಯನ್ನು ನೋಡಿ; 100 ಎಂಬುದು ಮೊದಲ ಒಂಬತ್ತು ಅವಿಭಾಜ್ಯಗಳ ಮೊತ್ತವೆಂದು ಆಗಲೇ ಸಿಕ್ಕಿರುವುದರಿಂದ ಇದನ್ನು ಮರೆಯುವವರು ಹೆಚ್ಚು. ಎರಡು ಅಥವಾ ಹೆಚ್ಚು ಪದಗಳ ಮೊತ್ತವಾಗಿ ಎರಡೆರಡು ಸಲ ಕಾಣಿಸಿಕೊಳ್ಳುವ ಸಂಖ್ಯೆಗಳು 36, 41, 60, 72, 83, 90 ಮತ್ತು 100. ಇವಕ್ಕೆ ಬೇರೆ ಬಣ್ಣ ಕೊಡಿ.

ಹಂತ 9: ‘ಯಾವಾಗಲೂ’ ಎಂದು ಬರೆಯುವ ಮೊದಲು

ಇಲ್ಲಿ ನಿಧಾನವಾಗಿರಿ. 5 + 7 + 11 = 23, ಮುಂದಿನ ಮೂರರ ಮೊತ್ತ 31, ಅದರ ಮುಂದಿನದು 41. ಮೂರೂ ಅವಿಭಾಜ್ಯ. ‘ಮೂರು ಕ್ರಮಾಗತ ಅವಿಭಾಜ್ಯಗಳ ಮೊತ್ತ ಯಾವಾಗಲೂ ಅವಿಭಾಜ್ಯ’ ಎಂದು ಬರೆಯಲು ಕೈ ತುರಿಸುತ್ತದೆ. ನಾಲ್ಕನೆಯದು 13 + 17 + 19 = 49. ಆಮೇಲೆ 59, 71, 83, 97, 109 ಎಂದು ಐದು ಅವಿಭಾಜ್ಯಗಳು ಬಂದು, 37 + 41 + 43 = 121. ಈಗ ಚುರುಕಾದ ಮಗು ಹೇಳುತ್ತದೆ: ‘ಅವಿಭಾಜ್ಯ ಅಲ್ಲದಿದ್ದರೆ ಅವಿಭಾಜ್ಯದ ವರ್ಗ, ಸರ್!’ ಮುಂದಿನದು 131, ಅದೂ ಸರಿ. ಅದರ ಮುಂದಿನದು 43 + 47 + 53 = 143, ಅಂದರೆ 11 × 13; ಮಾತು ಅಲ್ಲಿಗೆ ನಿಂತಿತು.

2ರಿಂದ ಶುರುವಾಗಿ ಸಮ ಸಂಖ್ಯೆಯ ಪದಗಳ ಮೊತ್ತಗಳೂ ಹೀಗೆಯೇ ಮೋಸ ಮಾಡುತ್ತವೆ: 5, 17, 41 ಅವಿಭಾಜ್ಯ, 77 ಅಲ್ಲ. 129 ಕೂಡ ಅಲ್ಲ. 197 ಮತ್ತು 281 ಮತ್ತೆ ಅವಿಭಾಜ್ಯ, ಆಮೇಲೆ ನಮ್ಮ ಪಟ್ಟಿ ಮುಗಿಯುವವರೆಗೂ ಒಂದೂ ಸಿಗುವುದಿಲ್ಲ. ಮುಂದಿನದು ಮೊದಲ 60 ಅವಿಭಾಜ್ಯಗಳ ಮೊತ್ತವಾದ 7699. ಎಚ್ಚರಿಕೆಯ ಗುರುತು ಯಾವುದೆಂದರೆ, ನಿಮ್ಮ ಬಳಿ ನಾಲ್ಕೈದು ಉದಾಹರಣೆಗಳಿದ್ದು ಕಾರಣ ಒಂದೂ ಇಲ್ಲದಿರುವುದು. ಆಗ ‘ಯಾವಾಗಲೂ’ ಎಂಬುದನ್ನು ಹೊಡೆದು ‘113ರವರೆಗೆ ನೋಡಿದಂತೆ’ ಎಂದು ಬರೆಯಿರಿ.

ಕಾರಣ ಸಹಿತ ಹೇಳಬಹುದಾದವು ಎರಡಾದರೂ ಇವೆ. ಒಂದು, ಎರಡು ಕ್ರಮಾಗತ ಬೆಸ ಅವಿಭಾಜ್ಯಗಳ ಮೊತ್ತ ಎಂದೂ ಅವಿಭಾಜ್ಯವೊಂದರ ಇಮ್ಮಡಿ ಆಗುವುದಿಲ್ಲ. 94ರಲ್ಲಿ ಕಂಡ ಕಾರಣವೇ ಸಾಕು. ಇನ್ನೊಂದು, 3 ಮತ್ತು 5 ಎಂಬ ಜೋಡಿಯನ್ನು ಬಿಟ್ಟರೆ ಅವಳಿ ಅವಿಭಾಜ್ಯಗಳ (ನಡುವಿನ ಅಂತರ 2 ಇರುವ ಜೋಡಿಗಳ) ಮೊತ್ತ 12ರಿಂದ ಭಾಗವಾಗುತ್ತದೆ. ಆರು ಕಂಬಸಾಲಿನ ಜರಡಿಯಲ್ಲಿ ಅವಳಿಗಳು ಆರನೆಯ ಕಂಬಸಾಲಿನ ಸಂಖ್ಯೆಯೊಂದರ ಆಚೆ ಈಚೆ ಕೂರುವುದರಿಂದ ಮೊತ್ತ ಆ 6ರ ಅಪವರ್ತ್ಯದ ಎರಡರಷ್ಟು. ಜರಡಿಯನ್ನು ಚಾರ್ಟಿನ ಮೂಲೆಯಲ್ಲಿ ಬರೆದಿದ್ದರೆ ಬೆರಳಿಟ್ಟು ತೋರಿಸಬಹುದು.

72 ಎಂಬ ಎಣಿಕೆಗೂ ಒಂದು ಹಿನ್ನೆಲೆಯಿದೆ. ಸಂಖ್ಯೆಯೊಂದಕ್ಕೆ ಸರಾಸರಿ ಎಷ್ಟು ರೀತಿ ಎಂಬುದು, ಮಿತಿಯನ್ನು ಹಿಗ್ಗಿಸಿದಂತೆ, 2ರ ಸ್ವಾಭಾವಿಕ ಲಾಗರಿದಮ್ ಆದ 0.693ರ ಕಡೆಗೆ ಹೋಗುತ್ತದೆಂದು ಗಣಿತಜ್ಞ ಲಿಯೋ ಮೋಸರ್ 1963ರಲ್ಲಿ ತೋರಿಸಿದರು. ನೂರರ ಒಳಗೆ ನಮಗೆ ಬಂದದ್ದು 0.72. ಸರಾಸರಿ 1ಕ್ಕಿಂತ ಕಡಿಮೆಯಾದ್ದರಿಂದ, ಒಂದು ರೀತಿಯಲ್ಲಿಯೂ ಬರೆಯಲಾಗದ ಸಂಖ್ಯೆಗಳು ಎಷ್ಟು ಮುಂದೆ ಹೋದರೂ ಮುಗಿಯುವುದಿಲ್ಲ.

ಹಂತ 10: ಚಾರ್ಟಿಗೆ ಇಳಿಸುವುದು

ಮಾರ್ಕರ್ ಹಿಡಿಯುವುದು ಇಷ್ಟೆಲ್ಲ ಮುಗಿದ ಮೇಲೆ. ಮೊದಲು ಪೆನ್ಸಿಲಿನಲ್ಲಿ ಮನೆಗಳನ್ನು ಎಳೆದು, ಸಂಚಿತ ಸಾಲನ್ನು ಮೇಲ್ಗಡೆ ಸೊನ್ನೆಯ ಸಮೇತ ಬರೆಯಿರಿ. ಅಧಿಕ ಚಿಹ್ನೆಗಳ ನಡುವೆ ಒಂದು ಅವಿಭಾಜ್ಯ ಬಿಟ್ಟುಹೋಗುವುದು ನಕಲು ಮಾಡುವಾಗಲೇ. ಅದರಲ್ಲಿಯೂ 29ರ ಮುಂದೆ 31 ಬರೆಯದೆ 37ಕ್ಕೆ ಹಾರುವುದು, 41 ಬರೆದು 43ನ್ನು ಮರೆಯುವುದು ಹೆಚ್ಚು. ಬರೆದಾದ ಮೇಲೆ ಒಬ್ಬರು ಚಾರ್ಟಿನಿಂದ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪುಸ್ತಕ ನೋಡಿ ಟಿಕ್ ಹಾಕಲಿ. ಓದುವುದು ಬಲದಿಂದ ಎಡಕ್ಕೆ ಇರಲಿ. ಎಡದಿಂದ ಓದಿದರೆ ಬಾಯಿಗೆ ರೂಢಿಯಾದ ಸಾಲು ಬರುತ್ತದೆಯೇ ಹೊರತು ಕಾಗದದ ಮೇಲಿರುವುದಲ್ಲ.